ಮಿರ್ಲೆಗೆ ಒಯ್ದ ಹಿತ್ತಾಳೆ ತಂತಿ

ಹುಣಸೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಮಂಜು ಇನ್ನೂ ಕರಗಿರಲಿಲ್ಲ. ನನ್ನ ಕೈಚೀಲದಲ್ಲಿ ಮೈಸೂರಿನಿಂದ ತರಿಸಿದ್ದ ತಂಬೂರಿ ತಂತಿಗಳಿದ್ದವು. ಹೆಚ್ಚಿನವು ಉಕ್ಕಿನವು, ದಪ್ಪನೆಯ ಹಿತ್ತಾಳೆಯದು ಒಂದೇ. ಮಿರ್ಲೆಯಲ್ಲಿ ದೊಡ್ಡಪ್ಪನ ಮೊದಲ ವರ್ಷದ ಎಡೆ. ಜೀವಮಾನವಿಡೀ ಅವರ ಜೊತೆ ತಂಬೂರಿ ಪದ ಹಾಡಿದ ದೊಡ್ಡಮ್ಮ, ದೊಡ್ಡಪ್ಪ ಹೋದ ಮೇಲೆ ಹಾಡಲು ಬಾಯಿ ತೆರೆದಿರಲಿಲ್ಲ. ಎಡೆಯ ಮುಂದೆ ಒಂದು ಪದ ಹೇಳುತ್ತೇನೆ, ತಂತಿ ತಾ ಎಂದು ಫೋನ್ ಮಾಡಿದ್ದಳು.

ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡೆ. ಹೆಂಗಸರಿಗೆ ಈಗ ದುಡ್ಡೂ ಇಲ್ಲ, ಸೀಟೂ ಇಲ್ಲ. ಕೃಷ್ಣರಾಜನಗರದವರೆಗೆ ಕಂಬಿ ಹಿಡಿದು ನಿಂತೆ. ಅಲ್ಲಿ ಇಡ್ಲಿ ತಿಂದು ಮಿರ್ಲೆ ಬಸ್ ಹತ್ತಿದೆ. ಕಬ್ಬಿನ ಲಾರಿಗಳ ಹಿಂದೆ ನಮ್ಮ ಬಸ್ಸು ತೆವಳಿತು.

ಮನೆ ಸೇರಿ ನೋಡಿದರೆ ದೊಡ್ಡಪ್ಪನ ತಂಬೂರಿಯ ತಂತಿಗಳೆಲ್ಲ ತುಕ್ಕು ಹಿಡಿದಿದ್ದವು, ಒಂದು ಮಾತ್ರ ಗಟ್ಟಿಯಾಗಿತ್ತು. ಉಳಿದವನ್ನು ತೆಗೆದು, ಅದರ ಶ್ರುತಿಗೇ ಸರಿಯಾಗಿ ಹೊಸ ಉಕ್ಕಿನ ತಂತಿಗಳನ್ನು ಬಿಗಿದೆ. ದೊಡ್ಡಮ್ಮ ಪದ ಎತ್ತಿದಳು, ಅರ್ಧಕ್ಕೇ ಗಂಟಲು ಒಡೆಯಿತು. ಇನ್ನೊಮ್ಮೆ ಎತ್ತಿದಳು, ಮತ್ತೆ ಅದೇ. ಅದು ದೊಡ್ಡಪ್ಪನ ಏರು ಶ್ರುತಿ, ಈ ವಯಸ್ಸಿಗೆ ಅವಳಿಗೆ ಎಟುಕದು. ಎಲ್ಲವನ್ನೂ ಇಳಿಸೋಣ ಎಂದೆ.

"ಅವ್ರ ತಂತಿ ಮುಟ್ಬ್ಯಾಡ ಕಣವ್ವ. ಕೈಯಾರೆ ಬಿಗ್ದಿದ್ದು. ಅದ ಇಳಿಸ್ಬುಟ್ರೆ ಅವ್ರ ಶ್ರುತಿ ನಂಗಿನ್ನೆಲ್ಲಿ ಸಿಕ್ತದೆ?"

ಅದನ್ನು ಬಿಟ್ಟು ಹೊಸ ಉಕ್ಕಿನ ತಂತಿಗಳನ್ನು ಸಡಿಲಿಸಿದೆ. ಅವು ಜೋತುಬಿದ್ದು ಗೊರಗುಟ್ಟಿದವು. ಅವನ್ನು ಬಿಚ್ಚಿ ಹಿತ್ತಾಳೆಯದನ್ನು ಏರಿಸಿದೆ. ಬಿಗಿಯುತ್ತಿರುವಾಗಲೇ ತಂತಿ ಸುತ್ತಿದ್ದ ಬಿರಡೆ ಜಾರಿತು, ತಂತಿಯ ದನಿ ಕೆಳಗಿಳಿದು ನಿಂತಿತು. ಸರಿಮಾಡಲು ಹೋದರೆ ದೊಡ್ಡಮ್ಮ ಕೈ ಹಿಡಿದಳು.

ಎರಡನ್ನೂ ಒಟ್ಟಿಗೆ ಮೀಟಿದಳು. ಹಿತ್ತಾಳೆ ಕೆಳಗೆ ತುಂಬಿಕೊಂಡು ನುಡಿಯಿತು. ಅದನ್ನು ಷಡ್ಜವೆಂದುಕೊಂಡರೆ ದೊಡ್ಡಪ್ಪನ ತಂತಿ ಸರಿಯಾಗಿ ಪಂಚಮಕ್ಕೆ ಬಂದಿತ್ತು. ಒಂದು ಕೂದಲೆಳೆಯಷ್ಟೂ ಜಗಳವಿಲ್ಲ.

"ಇಬ್ರೂ ಒಂದ್ಕಡೆ ಅವ್ರೆ ಕಣವ್ವ" ಎಂದಳು.

ಹಿತ್ತಾಳೆಯ ಶ್ರುತಿಗೇ ಪದ ಎತ್ತಿದಳು. ಕೊನೆಯ ಸಾಲಿನವರೆಗೂ ದನಿ ಒಡೆಯಲಿಲ್ಲ. ಎಡೆಯ ಮುದ್ದೆ, ಅವರೆಕಾಳು ಸಾರು ಆರುತ್ತಿದ್ದರೂ ಯಾರೂ ಏಳಲಿಲ್ಲ. ನಾನು ಮನಸಾರೆ ಅತ್ತೆ.

ಮರುದಿನ ಬಸ್ ಹತ್ತಿಸಲು ಬಂದಿದ್ದಳು. ದೊಡ್ಡಪ್ಪನ ತಂತಿ ಹಳೆಯದು, ಇಂದೋ ನಾಳೆಯೋ ಅದೂ ಕಿತ್ತೀತು ಎಂಬ ಚಿಂತೆ ನನ್ನನ್ನು ಬಿಟ್ಟಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೇಳಿಯೇಬಿಟ್ಟೆ.

"ಕಿತ್ತೋದ್ರೆ ಹೊಸದು ಆಕಾನ ಬುಡು" ಎಂದಳು. "ಈಗ ನನ್ ದನಿ ಇಡ್ಕಂಡ್ರೆ ಸಾಕು, ಅದ್ರ ಪಂಚಮದಲ್ಲೇ ಅವ್ರುದ್ ಸಿಕ್ತದೆ."