ನೋವಿನ ಪಾಠ

ಸತ್ತ ಅಕ್ಕನನ್ನು ಮಣ್ಣು ಮಾಡಿ ಬಂದಾಗಲೂ ಟೀಚರಮ್ಮನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ತಾಯಿ ಹೋದ ಮೇಲೆ ಅವಳನ್ನು ಸಾಕಿ, ಓದಿಸಿ, ಬೈದು ದೊಡ್ಡವಳನ್ನಾಗಿ ಮಾಡಿದ್ದು ಆ ಅಕ್ಕನೇ. ಬಚ್ಚಲ ಬಾಗಿಲಲ್ಲಿ ಕುಸಿದವಳು ಮತ್ತೆ ಏಳಲಿಲ್ಲ. "ಕಲ್ಲೆದೆ ಕಣ್ರೀ ಇವಳದು," ಎಂದು ಚಿಕ್ಕಮ್ಮ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. ಟೀಚರಮ್ಮನಿಗೆ ಅದೂ ನಾಟಲಿಲ್ಲ. ಯಾರದೋ ಮನೆಯ ರೇಡಿಯೋ ಕೇಳಿಸಿದ ಹಾಗಿತ್ತು.

ವಾರ ಕಳೆಯುವ ಮುಂಚೆಯೇ ಅವಳು ತರಗತಿಗೆ ಹೋದಳು. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಕೆಳಗಿನ ಮಿಷನ್ನುಗಳ ಸದ್ದಿನ ನಡುವೆ, ನರ್ಸುಗಳಿಗೆ ಇಂಗ್ಲಿಷ್ ಕಲಿಸುವುದು ಅವಳ ಕೆಲಸ. ಅಂದಿನ ಪಾಠದ ಪದ 'ಪೇನ್'. ಅದರ ಜೊತೆ ಯಾವ ಪದಗಳು ಹೊಂದುತ್ತವೆ ಎಂಬುದನ್ನು ಬೋರ್ಡಿನ ಮೇಲೆ ಬರೆದಳು: ಶಾರ್ಪ್ ಪೇನ್, ಡಲ್ ಪೇನ್, ರಿಲೀವ್ ಪೇನ್.

ಹೆರಿಗೆ ವಾರ್ಡಿನ ದಪ್ಪ ನರ್ಸ್ ಎದ್ದು ನಿಂತು, "ಐ ಏಟ್ ಪೇನ್," ಎಂದಳು. ಎಲ್ಲರೂ ಗೊಳ್ಳೆಂದರು.

"ಹಾಗೆ ಹೇಳೋಕಾಗಲ್ಲಮ್ಮ."

"ಯಾಕೆ ಮೇಡಂ? ನಾವು ನೋವು ತಿಂತೀವಲ್ಲ. ಇಂಗ್ಲಿಷಿನವರು ತಿನ್ನಲ್ವಾ?"

"ಅವರು ನೋವಿನೊಳಗೇ ಇರ್ತಾರೆ. ಇನ್ ಪೇನ್ ಅನ್ನಬೇಕು."

"ಹಂಗಾದ್ರೆ ಅವರದೇ ಕಷ್ಟ. ತಿಂದ್ರೆ ಅರಗುತ್ತೆ, ಒಳಗೇ ಇದ್ರೆ ಹೊರಗೆ ಬರೋದು ಹೆಂಗೆ?"

ಮತ್ತೆ ನಗು. ಟೀಚರಮ್ಮನೂ ತುಟಿ ಅಗಲಿಸಿದಳು. ನಗಬೇಕಾದ ಜಾಗ ಅದು ಎಂದು ಗೊತ್ತಿತ್ತು. ಆಮೇಲೆ 'ಫೀಲ್ ನೋ ಪೇನ್' ಎಂದು ಬರೆದಳು. ಉದಾಹರಣೆ ಕೊಡದೆಯೇ ಅದನ್ನು ಒರೆಸಿ, ಮುಂದಿನ ಪುಟ ತೆಗೆಯಲು ಹೇಳಿದಳು.

ಸಂಜೆ ಅಕ್ಕನ ಮನೆಗೆ ಹೋದಳು. ಭಾವ ಬೀರುವಿನ ಮುಂದೆ ಬಟ್ಟೆ ಹರಡಿಕೊಂಡು ಕೂತಿದ್ದ. ಹಾಸ್ಯಕ್ಕೂ ಅಳುವಿಗೂ ಒಂದೇ ಮುಖ ಮಾಡುತ್ತಿದ್ದ ಮನುಷ್ಯ ಈಗ ಮೂಗೊರೆಸಿಕೊಳ್ಳುತ್ತ, "ನಿಂಗೆ ಅಳು ಬರಲ್ವೇನೇ?" ಎಂದ.

"ಇಲ್ಲ ಭಾವ."

"ಹೋಗ್ಲಿ ಬಿಡು, ಬಲವಂತಕ್ಕೆ ಬರೋದಲ್ಲ. ಎರಡು ತುತ್ತು ತಿನ್ನು."

ತಿಂದಳು. ಉಪ್ಪು ಇದೆಯೋ ಇಲ್ಲವೋ ತಿಳಿಯಲಿಲ್ಲ. ತಟ್ಟೆ ತೊಳೆಯಲು ಒಲೆಯಿಂದ ಇಳಿಸಿದ ನೀರು ಸುರಿದುಕೊಂಡಳು. ಭಾವ ಓಡಿ ಬಂದು ಅವಳ ಬಲಗೈ ಎಳೆದು ತಣ್ಣೀರಿನ ನಲ್ಲಿಗೆ ಹಿಡಿದ. "ಕುದಿಯೋ ನೀರು ಕಣೇ! ಚರ್ಮ ಕೆಂಪಾಗಿದೆ, ಉರಿತಿಲ್ವಾ?"

ಅವಳು ತನ್ನ ಕೈಯನ್ನೇ ಯಾರದೋ ಎಂಬಂತೆ ನೋಡಿದಳು. ಬಹಳ ಹೊತ್ತಾದ ಮೇಲೆ, "ಸ್ವಲ್ಪ ಉರಿತಾ ಇದೆ ಭಾವ," ಎಂದಳು.

"ಮುಲಾಮು ತರ್ತೀನಿ, ಕೈ ಆಚೆ ತೆಗೀಬೇಡ."

ನಲ್ಲಿ ಸುರಿಯುತ್ತಲೇ ಇತ್ತು. ಅಳು ಆ ರಾತ್ರಿಯೂ ಬರಲಿಲ್ಲ. ಮರುದಿನ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಪಾಠ ಮಾಡಿದಳು, ಅಕ್ಷರಗಳು ಸೊಟ್ಟಗಿದ್ದವು.