ಭಾವನ ಮುಂದೆ ಕುರ್ಚಿ

ಸಂತೇಬೆನ್ನೂರಿನ ಸಮುದಾಯ ಭವನದಲ್ಲಿ ವಯಸ್ಸಾದವರಿಗೆ ಯೋಗ ಹೇಳಿಕೊಡಲು ಶುರು ಮಾಡಿದಾಗ ನಾನು ಮೊದಲು ತರಿಸಿದ್ದು ಚಾಪೆಯಲ್ಲ, ಕುರ್ಚಿ. ಶಾಮಿಯಾನದ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಗಳು. ಟೈಲ್ಸ್ ನೆಲದ ಮೇಲೆ ಜಾರದಿರಲೆಂದು ಅವುಗಳ ಕೆಳಗೆ ಗೋಣಿಚೀಲ ಹಾಸಿದೆ. ಎಪ್ಪತ್ತು ದಾಟಿದ ಮಂಡಿಗೆ ಪದ್ಮಾಸನ ಬೇಕಿಲ್ಲ, ಕುರ್ಚಿಯಲ್ಲಿ ಕೂತು ಕೈ ಎತ್ತಿ, ಮೆಲ್ಲಗೆ ಸೊಂಟ ತಿರುಗಿಸಿ, ಉಸಿರು ಬಿಗಿಹಿಡಿಯದೆ ಆಡಿಸಿದರೆ ಅದೂ ಯೋಗವೇ ಎಂದು ತಿಳಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ನೋಡಿದರೆ ಅಜ್ಜಂದಿರೆಲ್ಲ ಪಂಚಾಯ್ತಿಗೆ ಕೂತವರ ಹಾಗೆ ಕುರ್ಚಿಯಲ್ಲಿ, ಅಜ್ಜಿಯರೆಲ್ಲ ಜಮಖಾನದ ಮೇಲೆ.

ನಾನು ಜಗಳೂರು ಕಡೆಯವಳು, ಬಾಯಿ ಸ್ವಲ್ಪ ಜೋರು. ಚೆನ್ನಾಗಿ ಬೈದೆ. ಬೈಗುಳ ತಿಂದು ಅಜ್ಜಿಯರು ಒಬ್ಬೊಬ್ಬರಾಗಿ ಕುರ್ಚಿಗೆ ಬಂದರು, ಒಬ್ಬರನ್ನು ಬಿಟ್ಟು. ಸಣ್ಣ ಮೈಯ, ಸದಾ ನಗುಮುಖದ ಆ ಅಜ್ಜಿಗೆ ಮಂಡಿ ಕೈಕೊಟ್ಟಿತ್ತು. ಎಲ್ಲರಿಗಿಂತ ಕುರ್ಚಿ ಬೇಕಾಗಿದ್ದದ್ದೇ ಅವರಿಗೆ. ಆದರೆ ಮುಂದಿನ ಸಾಲಿನಲ್ಲಿ ಅವರ ಗಂಡನ ಅಣ್ಣ ಕೂರುತ್ತಿದ್ದರು. ಎಂಬತ್ತು ದಾಟಿದ ಹಿರಿಯರು, ಕೊನೆಗೆ ನಾವೆಲ್ಲರೂ ಅವರನ್ನು ಭಾವ ಎಂದೇ ಕರೆಯತೊಡಗಿದೆವು.

"ಭಾವಾರು ಕುಂತಾರಲ್ರೀ ಮೇಡಂ. ಅವರ ಮುಂದೆ ನಾನು ಹೆಂಗೆ ಕುರ್ಚಿ ಮ್ಯಾಲೆ ಕುಂದ್ರಲಿ?"

ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಅಜ್ಜಿ ಭಾವನ ಎದುರು ಎತ್ತರದಲ್ಲಿ ಕೂತವರಲ್ಲ, ನೇರವಾಗಿ ಮಾತಾಡಿದವರಲ್ಲ. ಭಾವನೂ ಹಾಗೆಯೇ. ಏನಾದರೂ ಬೇಕಿದ್ದರೆ "ನೀರು ಬೇಕಾಗಿತ್ತು" ಎಂದು ಗಾಳಿಗೆ ಹೇಳುವರು, ನೀರು ಬರುವುದು. ದ್ವೇಷವೇನೂ ಇಲ್ಲ, ಮರ್ಯಾದೆ. ಹೆಂಗಸರಿಗೆ ಬೇರೆ ಹೊತ್ತು ಇಡೋಣವೆಂದರೆ ಇಬ್ಬರೂ ಬರುವುದು ಒಂದೇ ಆಟೋದಲ್ಲಿ. ಅಲ್ಲೂ ಅದೇ ಕಥೆ. ಹಿಂದಿನ ಸೀಟು ಪೂರ್ತಿ ಅಜ್ಜಿಗೆ. ಭಾವ ಡ್ರೈವರ್ ಪಕ್ಕದಲ್ಲಿ ಅರ್ಧ ಮೈ ಹೊರಗೆ ಹಾಕಿ ಜೋತುಬಿದ್ದುಕೊಂಡು ಬರುವರು. ಬೆನ್ನು ನೆಟ್ಟಗಾಗಲಿ ಎಂದು ಯೋಗಕ್ಕೆ ಬರುವವರು ಹೀಗೆ ಬಂದರೆ ನನಗೆ ಮೈಯುರಿಯದೆ ಇರುತ್ತದೆಯೇ?

ಅಜ್ಜಿಯ ಕುರ್ಚಿಯನ್ನು ಭಾವನ ಬೆನ್ನ ಹಿಂದೆ ಹಾಕಿ ನೋಡಿದೆ. "ಬೆನ್ನಿಗೂ ಮರ್ಯಾದೆ ಐತಲ್ರೀ," ಎಂದರು.

ಸೋತು, ನೆಲದಿಂದ ಜೋಪಾನವಾಗಿ ಏಳುವುದನ್ನೇ ಕಲಿಸಿದೆ. ಪಕ್ಕಕ್ಕೆ ಹೊರಳಿ, ಮಡಿಸಿದ ಕಂಬಳಿಯ ಮೇಲೆ ಮಂಡಿಯೂರಿ, ಎದುರಿಗಿಟ್ಟ ಕುರ್ಚಿಯ ಮೇಲೆ ಎರಡೂ ಕೈ ಊರಿ, ಗಟ್ಟಿ ಕಾಲನ್ನು ಮುಂದಿಟ್ಟು, ಉಸಿರು ಬಿಡುತ್ತ ಏಳುವುದು. ಕುರ್ಚಿ ಮುಟ್ಟಲು ಅವರ ತಕರಾರಿರಲಿಲ್ಲ, ಕೂರಲು ಮಾತ್ರ. ಬಹಳ ಚೆನ್ನಾಗಿ ಕಲಿತರು. ಆದರೆ ಮಂಡಿಯ ಊತ ಹೆಚ್ಚುತ್ತಲೇ ಹೋಯಿತು. ಒಂದು ಬೆಳಿಗ್ಗೆ ಏಳುವಾಗ ವಾಲಿಬಿಟ್ಟರು; ನಾನು ಹಿಡಿಯದಿದ್ದರೆ ಸೊಂಟ ಮುರಿಯುತ್ತಿತ್ತು. ಹೆದರಿಕೆಯಲ್ಲಿ ಕೂಗಾಡಿದೆ.

"ನಾಳಿಂದ ಕುರ್ಚಿ ಮ್ಯಾಲೆ ಕುಂದ್ರದಾದ್ರೆ ಬರ್ರಿ, ಇಲ್ಲಾಂದ್ರೆ ಬರಬ್ಯಾಡ್ರಿ."

"ಆತು ಬಿಡ್ರಿ, ಬರಂಗಿಲ್ಲ," ಎಂದರು ಅಜ್ಜಿ. ನಗುತ್ತಲೇ ಅಂದರು, ಕಣ್ಣು ತುಂಬಿತ್ತು. ಈ ಒಂದು ತಾಸು ಬಿಟ್ಟರೆ ಓರಗೆಯವರ ಜೊತೆ ಕೂತು ನಗುವ ಹೊತ್ತು ಅವರ ದಿನದಲ್ಲಿ ಬೇರೆ ಇರಲಿಲ್ಲ. ಹಾಗೆಂದು ಆ ಮಂಡಿಯನ್ನು ಮತ್ತೆ ನೆಲಕ್ಕೆ ಕೂರಿಸುವ ಧೈರ್ಯವೂ ಇರಲಿಲ್ಲ.

ಆಗ ಭಾವ ಎದ್ದರು. ತಮ್ಮ ಕುರ್ಚಿ ಹಿಡಿದುಕೊಂಡು ನಿಧಾನವಾಗಿ ಕೆಳಗಿಳಿದು ಜಮಖಾನದ ಮೇಲೆ ಕೂತರು.

"ಈಗ ಕುರ್ಚಿ ಮ್ಯಾಲೆ ಕುಂದ್ರಾಕೆ ಹೇಳ್ರಿ ಮೇಡಂ," ಎಂದರು ನನಗೆ.

ದೊಡ್ಡ ಉಪಕಾರ ಮಾಡಿದೆನೆಂದು ಅವರ ಎಣಿಕೆ. ಅಜ್ಜಿಗೆ ಪ್ರಾಣಸಂಕಟ. ಭಾವ ನೆಲದಲ್ಲಿ, ತಾನು ಮೇಲೆ? ಕೂರುವುದಿರಲಿ, ನಿಂತಿರುವುದೇ ತಪ್ಪೆಂಬಂತೆ ಮುದುಡಿದರು. ಭವನವೆಲ್ಲ ನಕ್ಕಿತು. ಭಾವನೂ ನಕ್ಕು ಏಳಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ನೆಲದ ರೂಢಿ ತಪ್ಪಿ ವರ್ಷಗಳಾಗಿದ್ದ ಕಾಲು ಮಾತು ಕೇಳಲಿಲ್ಲ. ಇಬ್ಬರು ಓಡಿಬಂದು ಅವರ ರಟ್ಟೆಗೆ ಕೈ ಹಾಕಿದರು.

"ರಟ್ಟೆ ಹಿಡಿದು ಎಳೀಬ್ಯಾಡ್ರಿ."

ಮಾತು ನನ್ನದೇ, ದಿನವೂ ಹೇಳುವಂಥದ್ದು. ದನಿ ಮಾತ್ರ ಅಜ್ಜಿಯದು. ಕುರ್ಚಿಯನ್ನು ಭಾವನ ಎದುರಿಗೆ ತಿರುಗಿಸಿ, ಅದರ ಬೆನ್ನನ್ನು ಒತ್ತಿ ಹಿಡಿದು ನಿಂತಿದ್ದರು.

"ಭಾವಾರೆ, ಮೊದ್ಲು ಬಲಕ್ಕೆ ಹೊಳ್ಳಿ ಮಂಡಿ ಊರ್ರಿ. ಹಾಂ. ಈಗ ಎರಡೂ ಕೈ ಕುರ್ಚಿ ಮ್ಯಾಲೆ. ಗಟ್ಟಿ ಕಾಲು ಮುಂದೆ ಇಡ್ರಿ. ಉಸಿರು ಹಿಡೀಬ್ಯಾಡ್ರಿ, ಅವಸರ ಏನಿಲ್ಲ."

ಭಾವ ಬೀಳದಂತೆ ನಾನು ಅವರ ಸೊಂಟದ ಹತ್ತಿರ ಕೈ ಇಟ್ಟುಕೊಂಡಿದ್ದೆ, ಅಷ್ಟೇ. ಭಾವ ಹೇಳಿದ್ದನ್ನು ಹೇಳಿದ ಹಾಗೆ ಕೇಳಿದರು. ಎದ್ದರು. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡರು. ಅಷ್ಟರಲ್ಲಿ ತಾನು ಯಾರೊಡನೆ ಮಾತಾಡಿದೆನೆಂದು ಅಜ್ಜಿಗೆ ಹೊಳೆದು, ಸೆರಗು ತಲೆಯ ಮೇಲೆ ಬಂದಿತ್ತು. ಬಾಗಿಲ ಕಡೆ ಹೊರಟಿದ್ದರು.

"ಎಲ್ಲಿಗೆ ಹೊಂಟಿ?" ಎಂದರು ಭಾವ. ಈ ಸಲ ಗಾಳಿಗಲ್ಲ. "ಕಲ್ತೋನು ಕುರ್ಚಿ ಮ್ಯಾಲೆ ಕುಂತಾನೆ, ಕಲಿಸ್ದೋರು ನೆಲದ ಮ್ಯಾಲೆ ಕುಂದ್ರಬೇಕೇನು? ಇದ್ಯಾವ ಮರ್ಯಾದೆ ಅಮ್ಮ? ಕುಂದ್ರು."

ಮುಳ್ಳನ್ನು ಮುಳ್ಳಿಂದಲೇ ತೆಗೆಯಬೇಕು ಅನ್ನುತ್ತಾರೆ. ಇಷ್ಟು ದಿನ ನನಗೆ ಆ ಮುಳ್ಳು ಸಿಕ್ಕಿರಲಿಲ್ಲ. ಅಜ್ಜಿ ಕೂತರು. ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಇಳಿಯುವವರ ಹಾಗೆ, ಕುರ್ಚಿಯ ತುದಿಯಲ್ಲಿ. ಬೆನ್ನು ಆನಿಸಿ ಕೂರಿ ಎಂದೆ.

"ಇವತ್ತಿಗೆ ಇಷ್ಟು ಸಾಕು ಬಿಡ್ರಿ," ಎಂದರು.

ಆ ದಿನ ನನಗೆ ಎಷ್ಟು ಖುಷಿಯಾಗಿತ್ತೆಂದರೆ ಪಾಠದ ಕೊನೆಯ ವಿಶ್ರಾಂತಿ ಮಾಡಿಸುವುದನ್ನೇ ಮರೆತು ಎಲ್ಲರನ್ನೂ ಮನೆಗೆ ಕಳಿಸಿದೆ.

ಮಾರನೆಯ ಬೆಳಿಗ್ಗೆ ಭವನದ ಮುಂದೆ ಆಟೋ ಬಂದು ನಿಂತಿತು. ಡ್ರೈವರ್ ಪಕ್ಕದಲ್ಲಿ ಯಾರೂ ಇರಲಿಲ್ಲ. ಹಿಂದಿನ ಸೀಟಿನ ಆ ತುದಿಗೆ ಅಜ್ಜಿ, ಈ ತುದಿಗೆ ಭಾವ, ನಡುವೆ ನೀರಿನ ಬಾಟಲಿಯ ಚೀಲ. ಇಬ್ಬರ ಬೆನ್ನೂ ಸೀಟಿಗೆ ಆನಿತ್ತು.