ಇಪ್ಪತ್ತಮೂರು ವರ್ಷದ ನಾಯಿ

ಲಾವ್ ಸೌ-ಕಿಂಗ್ ತನ್ನ ಹದಿನೇಳನೆಯ ಮಹಡಿಯವರನ್ನು ಮನುಷ್ಯರ ಲೆಕ್ಕಕ್ಕೇ ಹಿಡಿದವಳಲ್ಲ. ಹಾಂಗ್‌ಕಾಂಗಿನ ಆ ಸರ್ಕಾರಿ ಬಾಡಿಗೆ ಕಟ್ಟಡದಲ್ಲಿ ನಾಯಿ ಸಾಕುವಂತಿರಲಿಲ್ಲ, ಆದರೂ ಸಾಕುತ್ತಿದ್ದರು. ಒಬ್ಬಳು ನಾಯಿಯನ್ನು ಮಗುವಿನ ತಳ್ಳುಗಾಡಿಯಲ್ಲಿ ಮಲಗಿಸಿ, ಮೂಗಿನ ತನಕ ಹೊದಿಸಿ, ಮೊಮ್ಮಗುವಿಗೆ ಜ್ವರ ಎಂದು ಲಿಫ್ಟಿನಲ್ಲಿ ಪಿಸುಗುಡುತ್ತಿದ್ದಳು. ಇನ್ನೊಬ್ಬ ತರಕಾರಿ ಚೀಲದಲ್ಲಿ ಸೊಪ್ಪಿನ ಕೆಳಗಿಟ್ಟು ಒಯ್ಯುತ್ತಿದ್ದ. ಸೌ-ಕಿಂಗ್ ಮಾತ್ರ ತನ್ನ ಕಂದು ನಾಯಿ ಫುಕ್-ಚಾಯನ್ನು ಹಾಡಹಗಲೇ ಹಗ್ಗ ಹಿಡಿದು, ಲಿಫ್ಟಿನ ನಟ್ಟನಡುವೆ ನಿಲ್ಲಿಸಿಕೊಂಡು ಇಳಿಯುತ್ತಿದ್ದಳು.

ಅವಳ ಬಳಿ ಪರವಾನಗಿ ಇತ್ತು. ನಿಷೇಧ ಬಂದ ವರ್ಷ, ಅಷ್ಟರಲ್ಲಾಗಲೇ ಮನೆಗಳಲ್ಲಿದ್ದ ನಾಯಿಗಳನ್ನು ಫೋಟೋ ಸಮೇತ ಬರೆದುಕೊಂಡು, ಸಾಯುವವರೆಗೆ ಇರಲಿ ಎಂದು ಬಿಟ್ಟಿದ್ದರು. ಆ ಫುಕ್-ಚಾಯ್ ಸತ್ತು ಒಂಬತ್ತು ವರ್ಷವಾಗಿತ್ತು. ಸತ್ತ ಮೂರನೆಯ ತಿಂಗಳಿಗೆ ಅದೇ ಬಣ್ಣದ ಮರಿ ತಂದು ಅದೇ ಹೆಸರಿಟ್ಟಿದ್ದಳು. ಕಾಗದದ ಮೇಲೆ ನಾಯಿಗೆ ಈಗ ಇಪ್ಪತ್ತಮೂರು. ಅಧಿಕಾರಿಗಳು ಬಂದರು, ಸಹಿ ಹಾಕಿದರು, ಹೋದರು. ಒಬ್ಬರೂ ಬೆರಳು ಮಡಿಸಿ ಎಣಿಸಲಿಲ್ಲ. ಅವರು ಎಣಿಸದ್ದರಿಂದಲೇ ಬಚಾವಾದವಳಿಗೆ, ಎಣಿಸಲಿಲ್ಲವೆಂದೇ ಅವರ ಮೇಲೆ ತಾತ್ಸಾರ.

ಎಣಿಸಿದವನು ಎದುರುಮನೆಯ ಯಿಪ್. ಬಸ್ಸಿನ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಈಗ ತಪಾಸಣೆ ಮಾಡಲು ಬಸ್ಸೂ ಇಲ್ಲ, ಹೆಂಡತಿಯೂ ಇಲ್ಲ. ಕಬ್ಬಿಣದ ಜಾಲರಿ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು, ಯಾವ ಮನೆ ಎಷ್ಟು ಹೊತ್ತಿಗೆ ಬೊಗಳಿತೆಂದು ಪುಸ್ತಕದಲ್ಲಿ ಬರೆಯುತ್ತಿದ್ದ. ಅವನ ದೂರಿನಿಂದ ಆ ಮಹಡಿಯ ಮೂರು ನಾಯಿಗಳು ಹೋಗಿದ್ದವು.

"ಕಿಂಗ್ ಅಕ್ಕ, ನಿಮ್ ನಾಯಿಗೆ ಏನ್ ತಿನ್ನಿಸ್ತೀರಿ? ನಮಗೂ ಹೇಳಿ, ನಾಕು ದಿನ ಹೆಚ್ಚಿಗೆ ಬದುಕ್ತೀವಿ" ಎಂದು ಒಂದು ಬೆಳಗ್ಗೆ ಕೇಳಿದ.

"ಮೀನಿನ ಗಂಜಿ, ಯಿಪ್ ಸಾರ್. ನಿಮ್ ಮೈಗೆ ಹತ್ತಲ್ಲ ಬಿಡಿ. ಅದು ಎದುರುಮನೆ ಕಡೆ ಕಿವಿ ಇಟ್ಕೊಂಡು ಕೂರಲ್ಲ."

ಮರುವಾರವೇ ಯಿಪ್‌ನ ದೂರು ಹಿಡಿದು ಪೂನ್ ಎಂಬ ಅಧಿಕಾರಿ ಹುಡುಗಿ ಬಂದಳು. ಪರವಾನಗಿ ಸುಳ್ಳೆಂದು ತೀರ್ಮಾನವಾದರೆ ತಿಂಗಳೊಳಗೆ ನಾಯಿ ಹೋಗಬೇಕು, ಇಲ್ಲವೇ ಸೌ-ಕಿಂಗ್ ಮೂವತ್ತೊಂದು ವರ್ಷ ಬಾಳಿದ ಮನೆ ಬಿಡಬೇಕು. ಹಿಂದೆಯೇ ಯಿಪ್, ಕರೆಯದೆ ಬಂದು ಹೊಸ್ತಿಲಲ್ಲಿ ನಿಂತ. ಫುಕ್-ಚಾಯ್ ಬಾಲ ಆಡಿಸುತ್ತ ಅವನ ಚಪ್ಪಲಿ ನೆಕ್ಕಿತು. ಮನುಷ್ಯರನ್ನು ಅಳೆಯುವ ವಿದ್ಯೆ ಅದಕ್ಕೆ ಒಲಿದಿರಲಿಲ್ಲ.

ಪೂನ್ ನಾಯಿಯ ಹಲ್ಲು ನೋಡಿ, ಅದರ ತಲೆ ಸವರಿದಳು. ಆಮೇಲೆ ಅವಳ ಕಣ್ಣು ಗೋಡೆಯ ಪೂಜೆಯ ಕಪಾಟಿಗೆ ಹೋಯಿತು. ತೀರಿಕೊಂಡ ಗಂಡನ ಫೋಟೋ; ಪಕ್ಕದಲ್ಲಿ ನಾಯಿಯದೊಂದು ಕಟ್ಟು ಹಾಕಿಸಿದ ಫೋಟೋ. ಇಬ್ಬರಿಗೂ ಒಂದೊಂದು ಕಿತ್ತಳೆ, ಬೆಳಗ್ಗೆ ಹಚ್ಚಿದ ಊದುಬತ್ತಿ. ಪರವಾನಗಿಗೆ ಅಂಟಿಸಿದ್ದೂ ಅದೇ ಫೋಟೋ. ನಾಯಿ ಸತ್ತಿದೆಯೆಂದು ಆ ಹೊಗೆಗಿಂತ ಚೆನ್ನಾಗಿ ಯಾವ ಸಾಕ್ಷಿಯೂ ಹೇಳುವಂತಿರಲಿಲ್ಲ. ಅಧಿಕಾರಿ ಬರುವಳೆಂದು ನೆಲ ಒರೆಸಿ, ನಾಯಿಗೆ ಸ್ನಾನ ಮಾಡಿಸಿದ್ದ ಸೌ-ಕಿಂಗ್‌ಗೆ ಅದನ್ನು ತೆಗೆದಿಡಬೇಕೆಂದು ಹೊಳೆದಿರಲೇ ಇಲ್ಲ. ಮನೆಯ ಸತ್ತವರನ್ನು ಯಾರಾದರೂ ಕಪಾಟಿನಿಂದ ಇಳಿಸುತ್ತಾರೆಯೇ?

ಯಿಪ್ ಕತ್ತು ಚಾಚಿ ನೋಡುತ್ತಿದ್ದ. ಪೂನ್ ಪರವಾನಗಿಯನ್ನು ಮೆಲ್ಲಗೆ ಕಡತದೊಳಗೆ ಮುಚ್ಚಿಟ್ಟಳು.

"ಆ ಫೋಟೋದಲ್ಲಿರೋದು ಬೇರೆ ಯಾವುದೋ ನಾಯಿ, ಅಲ್ವಾ ಅಜ್ಜಿ?"

ಹೂಂ ಅಂದಿದ್ದರೆ ಸಾಕಿತ್ತು. ಸೌ-ಕಿಂಗ್ ಊದುಬತ್ತಿಯ ಕಡೆ ನೋಡಿದಳು. ಒಂಬತ್ತು ವರ್ಷ ದಿನಾ ಬೆಳಗ್ಗೆ ಆ ಹೊಗೆಯ ಮುಂದೆ ನಿಂತು ಅದನ್ನು ಹೆಸರು ಹಿಡಿದು ಕರೆದಿದ್ದಳು. ಈಗ ಈ ಯಿಪ್‌ನ ಎದುರು, ಅದರ ಕಣ್ಣೆದುರೇ, ಯಾವುದೋ ನಾಯಿ ಅನ್ನಬೇಕು. ತಳ್ಳುಗಾಡಿಯಲ್ಲಿ ಮೂಗಿನ ತನಕ ಹೊದಿಸಿದಂತೆ.

"ಬೇರೆ ಅಲ್ಲ. ನನ್ ಫುಕ್-ಚಾಯೇ ಅದು. ಸತ್ತು ಒಂಬತ್ತು ವರ್ಷ ಆಯ್ತು. ಬದುಕಿರೋ ನಾಯಿಗೋಸ್ಕರ ಎಷ್ಟ್ ಸುಳ್ಳಾದ್ರೂ ಹೇಳಿದೀನಿ, ಇನ್ನೂ ಹೇಳ್ತೀನಿ. ಸತ್ತಿರೋದನ್ನ ಯಾವುದೋ ನಾಯಿ ಅನ್ನಲ್ಲ. ಬರ್ಕೋ ಮಗಳೇ."

ಪೂನ್ ಬರೆದುಕೊಂಡಳು.

ತಿಂಗಳು ತುಂಬುವ ಮುನ್ನ ಸೌ-ಕಿಂಗ್ ಬೀಗದ ಕೈ ಒಪ್ಪಿಸಿದಳು. ಊರಾಚೆಯ ಯುನ್ ಲಾಂಗಿನಲ್ಲಿ ಮೀನಿನ ಕೊಳದ ಪಕ್ಕ ತಂಗಿಯದೊಂದು ತಗಡಿನ ಮನೆ. ಮಳೆಗೆ ಸೋರುತ್ತಿತ್ತು, ಆದರೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕಪಾಟಿನ ಗಂಡನನ್ನೂ ನಾಯಿಯನ್ನೂ ಒಂದೇ ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಹೊರಟಳು.

ಜಾಲರಿಯ ಹಿಂದಿನಿಂದ ಯಿಪ್ ಕೆಮ್ಮಿದ. ಹೂಂ ಅಂದುಬಿಟ್ಟಿದ್ದರೆ ಆಗುತ್ತಿತ್ತಲ್ಲ, ಎಂದ. ಅಷ್ಟೊಂದು ದೂರ ಹೋಗಲೇಬೇಕೇ, ಎಂದ.

"ಪುಸ್ತಕ ತೆಗೀರಿ, ಯಿಪ್ ಸಾರ್. ಇನ್ಮೇಲೆ ಈ ಮಹಡೀಲಿ ಬಾಯಿ ಬಿಟ್ಟು ಬೊಗಳೋರು ನೀವೊಬ್ರೇ."

ಲಿಫ್ಟಿನ ನಡುವೆ ನಿಂತ ಫುಕ್-ಚಾಯ್, ಬಾಗಿಲು ಮುಚ್ಚುವಾಗ ಒಂದೇ ಒಂದು ಸಲ ಬೊಗಳಿತು. ಯಿಪ್‌ನ ಕೈ ಅಭ್ಯಾಸಬಲದಿಂದ ಪೆನ್ಸಿಲಿಗೆ ಹೋಯಿತು.